ಅಳಿಸಿದ ಅಳು

ಬನಹಟ್ಟಿಯ ಒಂದು ಹೈಸ್ಕೂಲಿನಲ್ಲಿ ನಾನು ಹಿಂದಿ ಕಲಿಸುತ್ತೇನೆ. ನನ್ನದು ಪುಸ್ತಕದ ಹಿಂದಿ. ಒಂದರ ಮೇಲೊಂದು ಪರೀಕ್ಷೆ ಕಟ್ಟಿ, ಪಾಸಾಗಿ ಕಲಿತದ್ದು. ಲಿಂಗ, ವಚನ ಎಲ್ಲ ಸರಿಯಾಗಿರುತ್ತವೆ. ಆದರೆ ಆ ಭಾಷೆಯಲ್ಲಿ ನಾನು ಯಾರೊಂದಿಗೂ ಜಗಳವಾಡಿದವಳಲ್ಲ, ಕಾಯಿಪಲ್ಲೆ ಕೊಂಡವಳಲ್ಲ. ಹಾಗಾಗಿ ಬೇಸಿಗೆ ರಜೆ ಶುರುವಾದ ಹೊಸದರಲ್ಲಿ ನಮ್ಮ ಹೆಡ್‌ಮಾಸ್ತರರ ಫೋನು ಬಂದಾಗ ಖುಷಿಗಿಂತ ಅಂಜಿಕೆಯೇ ಹೆಚ್ಚಾಯಿತು. ಮುಂಬೈಯಿಂದ ಹಿಂದಿ ಸಿನಿಮಾದವರು ಬಂದು ಜಮಖಂಡಿಯಲ್ಲಿ ಇಳಿದಿದ್ದಾರೆ, ಹಿಂದಿಯೂ ಇಲ್ಲಿಯ ಹಳ್ಳಿಗಳ ಮಾತೂ ಬರುವ ಒಬ್ಬರು ಅವರಿಗೆ ಬೇಕಂತೆ, ನಿಮ್ಮ ಹೆಸರು ಕೊಟ್ಟಿದ್ದೇನೆ ಎಂದರು.

ನನ್ನ ಯಜಮಾನರದು ಮನೆಯ ಹಿಂದೆಯೇ ಪವರ್‌ಲೂಮ್ ಶೆಡ್ಡು. ಮಗ್ಗಗಳ ಸದ್ದಿನಲ್ಲಿ ಅವರಿಗೆ ಏನನ್ನಾದರೂ ಕೂಗಿಯೇ ಹೇಳಬೇಕು. ಕೂಗಿ ಹೇಳಿದೆ. ಅವರು ಮಗ್ಗ ನಿಲ್ಲಿಸದೆ, ಬಡಿದಾಡುವ ಸಿನಿಮಾವೋ ಅಳುವ ಸಿನಿಮಾವೋ ಎಂದು ಕೇಳಿದರು. ಪೊಲೀಸರದ್ದಂತೆ ಎಂದೆ. ಹಾಗಾದರೆ ಹೋಗು ಎಂದರು.

ನಿರ್ದೇಶಕ ಮೂವತ್ತು ದಾಟಿದ ಸಣಕಲು ಮನುಷ್ಯ. ಮೊದಲ ದಿನವೇ ನನ್ನನ್ನು ಕಾರಿನಲ್ಲಿ ಮುಧೋಳಕ್ಕೆ ಕರೆದುಕೊಂಡು ಹೋದ. ದಾರಿಯಲ್ಲಿ ಕತೆ ಹೇಳಿದ. ಮುಂಬೈಯ ಒಬ್ಬ ಪೊಲೀಸ್ ಅಧಿಕಾರಿ ಕೊಲೆಗಾರರ ಗುಂಪೊಂದನ್ನು ಬೆನ್ನಟ್ಟಿ ನಮ್ಮ ಹೊಳೆಸಾಲಿಗೆ ಬರುತ್ತಾನೆ. ಇಲ್ಲಿ ಅವರು ಮಾಡುವ ಒಂದು ಕೊಲೆಯನ್ನು ಕುರಿ ಮೇಯಿಸುವ ಮುದುಕನೊಬ್ಬ ನೋಡಿರುತ್ತಾನೆ. ಅವನೊಬ್ಬನೇ ಸಾಕ್ಷಿ. ನಿನ್ನನ್ನು ಕಾಯುತ್ತೇನೆ ಎಂದು ಅಧಿಕಾರಿ ಅವನಿಗೆ ಮಾತು ಕೊಡುತ್ತಾನೆ, ಆದರೆ ಕಾಯಲಾಗುವುದಿಲ್ಲ. ಮುದುಕನನ್ನು ಹೊಳೆದಂಡೆಯಲ್ಲಿ ಗುಂಡಿಕ್ಕಿ ಕೊಲ್ಲುತ್ತಾರೆ. ಅಲ್ಲಿಂದ ಮುಂದಿನದೆಲ್ಲ ಸೇಡು. ನಿರ್ದೇಶಕ ವೇಗವಾಗಿ ಮಾತಾಡುತ್ತಿದ್ದ, ನನಗೆ ಅರ್ಧ ತಿಳಿಯುತ್ತಿತ್ತು. ಉಳಿದರ್ಧಕ್ಕೆ ನಿಲ್ಲಿಸಿ ಕೇಳುತ್ತಿದ್ದೆ. ನನ್ನ ಹಿಂದಿ ಕೇಳಿದರೆ ಅವನಿಗೆ ರೇಡಿಯೋ ವಾರ್ತೆ ನೆನಪಾಗುತ್ತದಂತೆ. ಹೊಗಳಿದನೋ ಬೈದನೋ ಗೊತ್ತಾಗಲಿಲ್ಲ.

ಮುಧೋಳದ ಹೊರಗಿನ ಒಂದು ಹಳೆಯ ಮನೆಯನ್ನು ಪೊಲೀಸ್ ಠಾಣೆ ಮಾಡಿದ್ದರು. ಬಾಗಿಲ ಮೇಲಿನ ಬೋರ್ಡಿನಲ್ಲಿ ‘ಪೊಲೀಸ್ ಥಾಣೆ’ ಎಂದು ಬರೆದಿದ್ದರು. ಅದನ್ನು ತಿದ್ದಿಸಿದ್ದೇ ನನ್ನ ಮೊದಲ ಕೆಲಸ. ಬೋರ್ಡು ತಿದ್ದಿದ ಮೇಲೆ ಠಾಣೆ ಎಷ್ಟು ಖರೆ ಕಾಣಿಸತೊಡಗಿತೆಂದರೆ, ಮರುದಿನ ಒಬ್ಬ ರೈತ ತನ್ನ ನೀರಿನ ಮೋಟಾರು ಕಳುವಾಗಿದೆ ಎಂದು ದೂರು ಕೊಡಲು ಬಂದ. ಖಾಕಿ ತೊಟ್ಟು ಬಾಗಿಲಲ್ಲಿ ನಿಂತಿದ್ದ ಮುಂಬೈ ನಟ, ಒಂದು ಮಾತೂ ತಿಳಿಯದಿದ್ದರೂ ತಲೆ ಅಲ್ಲಾಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡ. ನಾನು ಹೋಗಿ ಇದು ಸಿನಿಮಾದ ಠಾಣೆ ಎಂದೆ. ರೈತ ಆ ನಟನನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿ, ಆದರೂ ಇವನು ಪಾಪ ಪೂರ್ತಿ ಕೇಳಿದ ಎಂದು ಹೇಳಿ ಹೋದ.

ಬನಹಟ್ಟಿಯಲ್ಲಿ ಒಂದು ಹೊಡೆದಾಟ ತೆಗೆದರು. ಪವರ್‌ಲೂಮ್ ಶೆಡ್ಡಿನ ಒಳಗೆ, ನೂಲು ಸುತ್ತಿದ ಬೀಮುಗಳ ನಡುವೆ. ಅದಕ್ಕಾಗಿ ಆ ಓಣಿಯ ಮಗ್ಗಗಳನ್ನೆಲ್ಲ ನಿಲ್ಲಿಸಿದರು. ಹಗಲು ಹೊತ್ತಿನಲ್ಲಿ ಇಡೀ ಓಣಿ ಸುಮ್ಮನಾಗಿದ್ದನ್ನು ಕಂಡು ಮುದುಕಿಯರು ಹೊರಗೆ ಬಂದು, ಯಾರು ಹೋದರು ಎಂದು ಒಬ್ಬರನ್ನೊಬ್ಬರು ಕೇಳಿದರು. ಅಧಿಕಾರಿಯ ಪಾತ್ರ ಮಾಡುತ್ತಿದ್ದ ಹೀರೋ ಕುತ್ತಿಗೆಗೆ ಟವೆಲ್ ಹಾಕಿಕೊಂಡು ಒಂದು ಮೂಲೆಯಲ್ಲಿ ಕೂತಿದ್ದ. ಪರದೆಯ ಮೇಲೆ ಎಷ್ಟು ಗರ್ಜಿಸುತ್ತಾನೋ ಹೊರಗೆ ಅಷ್ಟೇ ಮೌನಿ. ಅವನಿಗೆ ಕನ್ನಡದಲ್ಲಿ ಒಂದೇ ಮಾತು ಇತ್ತು. ಕುರಿಗಾರ ಮುದುಕನ ಹೆಗಲ ಮೇಲೆ ಕೈಯಿಟ್ಟು “ಹೆದರಬ್ಯಾಡ ಮುತ್ಯಾ, ನಾ ಅದೀನಿ” ಎನ್ನಬೇಕಿತ್ತು. ಕಲಿಸುವ ಕೆಲಸ ನನ್ನದು. ಅಜ್ಜನಿಗೆ ನಮ್ಮ ಕಡೆ ಅನ್ನುವ ಮುತ್ಯಾ ಎಂಬುದು ಅವನ ಬಾಯಲ್ಲಿ ಮತ್ತೆ ಮತ್ತೆ ಮುತ್ತಾ ಆಗುತ್ತಿತ್ತು. ಶೆಡ್ಡಿನ ಹೆಣ್ಣುಮಕ್ಕಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಅವನು ಸಿಟ್ಟು ಮಾಡಿಕೊಳ್ಳದೆ ಬಾಯಿಪಾಠ ಮಾಡಿದ.

ಮುದುಕನ ಪಾತ್ರಕ್ಕೆ ಮುಂಬೈಯಿಂದ ಒಬ್ಬ ಹಿರಿಯ ನಟ ಬರಬೇಕಿತ್ತು. ಚಿಕ್ಕಪಡಸಲಗಿಯ ಬ್ಯಾರೇಜಿನ ಮೇಲೆ ಜೀಪು ಬೆನ್ನಟ್ಟುವ ದೃಶ್ಯ ತೆಗೆಯುತ್ತಿದ್ದಾಗ ಸುದ್ದಿ ಬಂತು. ಅವರು ಮನೆಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದರು. ನಿರ್ದೇಶಕ ಬ್ಯಾರೇಜಿನ ಕಟ್ಟೆಯ ಮೇಲೆ ಕೂತು ತುಂಬ ಹೊತ್ತು ನೀರು ನೋಡಿದ. ಆಮೇಲೆ ನನ್ನನ್ನು ಕರೆದು, ಅನಗವಾಡಿಯಲ್ಲಿ ಕುರಿ ಕೊಡಲು ಒಪ್ಪಿದ್ದಾನಲ್ಲ, ಆ ಮುದುಕ ಮಾಡುತ್ತಾನೇನು ಕೇಳೋಣ ಎಂದ.

ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದು ಅನಗವಾಡಿಯ ಹೊಳೆದಂಡೆಗೆ ಹಸಿರು ಚಿಗುರುತ್ತದೆ. ಆ ಹಸಿರಿಗೆ ಕುರಿಗಳು ಬರುತ್ತವೆ. ಆ ಮುದುಕನ ಕುರಿದಡ್ಡಿಯೂ ಅಲ್ಲೇ ಇತ್ತು. ಅವನನ್ನು ಎಲ್ಲರೂ ಮುತ್ಯಾ ಎನ್ನುತ್ತಿದ್ದರು, ಅವನ ಹೆಂಡತಿಯನ್ನು ಆಯಿ. ಇಬ್ಬರೂ ಎಪ್ಪತ್ತರ ಆಚೀಚೆ. ಬೀರಪ್ಪನ ಒಕ್ಕಲು. ಆಯಿಯ ಹಣೆಯ ಮೇಲೆ ಯಾವಾಗಲೂ ಭಂಡಾರದ ಅರಿಸಿನ ಇರುತ್ತಿತ್ತು. ನಾನು ಕತೆಯನ್ನು ಪೂರ್ತಿ ಹೇಳಿದೆ, ಕಡೆಗೆ ಗುಂಡು ಬೀಳುವುದನ್ನೂ ಹೇಳಿದೆ. ಮುತ್ಯಾ ನಕ್ಕು, ನಡೆಯುವುದು ನಿಲ್ಲುವುದು ಇಷ್ಟೇ ತಾನೆ, ಸಾಯುವುದೇನು ಕಷ್ಟ ಎಂದ. ಆಯಿ ಕುರಿಮರಿಗೆ ಹಾಲು ಕುಡಿಸುತ್ತ ಕೂತಿದ್ದಳು.

ಬದುಕಿರುವ ದೃಶ್ಯಗಳು ಸಲೀಸಾಗಿ ಮುಗಿದವು. ಮುತ್ಯಾ ಕೋಲಿಗೆ ಗದ್ದ ಊರಿ ನಿಂತರೆ ಕ್ಯಾಮೆರಾದವರಿಗೆ ಅಷ್ಟೇ ಸಾಕಾಗುತ್ತಿತ್ತು. ಹೀರೋ ಅವನ ಹೆಗಲ ಮೇಲೆ ಕೈಯಿಟ್ಟು ತನ್ನ ಕನ್ನಡದ ಮಾತನ್ನು ತಪ್ಪಿಲ್ಲದೆ ಹೇಳಿದ. ಮುತ್ಯಾ ಬರೆದುಕೊಟ್ಟದ್ದನ್ನು ಬಿಟ್ಟು “ಆತಪಾ” ಎಂದ. ನಿರ್ದೇಶಕನಿಗೆ ಅದು ಇಷ್ಟವಾಗಿ ಹಾಗೆಯೇ ಇಟ್ಟುಕೊಂಡ.

ಸಾಯುವ ದೃಶ್ಯದ ಹಿಂದಿನ ದಿನ ಮಧ್ಯಾಹ್ನ ಆಯಿ ನಮ್ಮ ಡೇರೆಯ ಹತ್ತಿರ ಬಂದಳು. ನೇರವಾಗಿ ನನ್ನ ಮುಂದೆ ನಿಂತು, ನಾಳೆ ನಮ್ಮವರು ಬರುವುದಿಲ್ಲ ಎಂದಳು. ಯಾಕೆ ಎಂದು ಕೇಳಿದೆ.

“ಬ್ಯಾರೆ ಏನರ ಮಾಡ್ಸ್ರಿ, ಅಕ್ಕೋರ. ಓಡಸ್ರಿ, ಕಟ್ಟಿ ಹಾಕ್ರಿ, ಬಡಸ್ರಿ. ಸಾಯೂದು ಬ್ಯಾಡ. ಕುಂಕುಮ ಹಚಗೊಂಡು ಕುಂತು ನಾ ಅದನ್ನ ಹೆಂಗ ನೋಡ್ಲಿ?”

ಅದು ಸುಳ್ಳು ಗುಂಡು, ಬರೀ ಬಣ್ಣ ಎಂದು ನಿರ್ದೇಶಕ ಹೇಳಿದ್ದನ್ನು ನಾನು ಅವಳಿಗೆ ಹೇಳಿದೆ. ಸುಳ್ಳೆಂದು ತನಗೂ ಗೊತ್ತಿದೆ, ಆದರೆ ನೆಲದ ಮೇಲೆ ಕಣ್ಣು ಮುಚ್ಚಿ ಮಲಗುವವನು ಸುಳ್ಳಲ್ಲವಲ್ಲ ಎಂದಳು. ಇದನ್ನು ಹಿಂದಿಯಲ್ಲಿ ಹೇಳಿದಾಗ ನಿರ್ದೇಶಕ ವಾದ ಮಾಡಲಿಲ್ಲ. ಕತೆ ನಿಂತಿರುವುದೇ ಆ ಸಾವಿನ ಮೇಲೆ, ಏನು ಮಾಡಿದರೆ ಅವರಿಗೆ ಸಮಾಧಾನವಾಗುತ್ತದೆ ಕೇಳಿ ಎಂದ. ಆಯಿ ಅಲ್ಲೇ ನೆಲದ ಮೇಲೆ ಕೂತು ಯೋಚಿಸಿದಳು. ಕಡೆಗೆ ಕೆಲವು ಷರತ್ತು ಹಾಕಿ ಒಪ್ಪಿದಳು. ಮೈಮೇಲೆ ಬಿಳಿ ಬಟ್ಟೆ ಹೊದಿಸಬಾರದು, ಹೂವು ಹಾಕಬಾರದು. ಶುರು ಮಾಡುವ ಮೊದಲು ತಾನು ಭಂಡಾರ ಹಚ್ಚಬೇಕು. ಪ್ರತಿ ಸಲ ಬಿದ್ದ ಮೇಲೂ ತಾನು ಕರೆಯುತ್ತೇನೆ, ಅವನು ಓಗೊಡಬೇಕು. ನಿರ್ದೇಶಕ ಎಲ್ಲದಕ್ಕೂ ಹೂಂ ಎಂದ.

ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲೇ ಎಲ್ಲ ಸಿದ್ಧ ಮಾಡಿದರು. ಮುತ್ಯಾನ ಅಂಗಿಯ ಒಳಗೆ ಎದೆಗೆ ಒಂದು ರಟ್ಟು ಕಟ್ಟಿ, ಅದರ ಮೇಲೆ ಬಿಲ್ಲೆಯಷ್ಟು ಮದ್ದು, ಅದರ ಮೇಲೆ ಕೆಂಪು ನೀರಿನ ಪುಟ್ಟ ಚೀಲ ಇಟ್ಟರು. ಫೈಟ್ ಮಾಸ್ತರ ದೂರದಿಂದ ಒಂದು ಗುಂಡಿ ಒತ್ತಿದರೆ ಮದ್ದು ಸಿಡಿದು ಅಂಗಿ ಹರಿದು ಕೆಂಪು ಹರಿಯುತ್ತದೆ. ಅವನು ಹೇಳಿದ್ದನ್ನು ನಾನು ಒಂದೊಂದಾಗಿ ಮುತ್ಯಾನಿಗೆ ಹೇಳಿದೆ. ‘ಕಟ್’ ಎನ್ನುವವರೆಗೆ ಅಲುಗಬಾರದು, ಅಲುಗಿದರೆ ಮತ್ತೆ ಮೊದಲಿಂದ ತೆಗೆಯಬೇಕಾಗುತ್ತದೆ ಎಂಬುದನ್ನೂ ಹೇಳಿದೆ. ಆಯಿ ಭಂಡಾರ ಹಚ್ಚಿ, ಕ್ಯಾಮೆರಾದ ಹಿಂದೆ ನನ್ನ ಪಕ್ಕದಲ್ಲಿ ಕೂತಳು.

ಮೊದಲ ಸಲ ಮದ್ದು ಸಿಡಿದ ಸದ್ದಿಗೆ ಕುರಿಗಳೆಲ್ಲ ಚದುರಿ ಹೊಳೆಯ ಕಡೆಗೆ ಓಡಿದವು. ಮುತ್ಯಾ ಬಿದ್ದ, ಆದರೆ ಬೀಳುವ ಮೊದಲು ಕೈಯೂರಿದ. ಕಟ್ ಎಂದರು. ಆಯಿ “ಏನ್ರೀ” ಎಂದಳು. ಅವನು ಬಿದ್ದಲ್ಲಿಂದಲೇ “ಓ” ಎಂದ. ಅವಳು ಉಸಿರು ಬಿಟ್ಟಳು.

ಕುರಿಗಳನ್ನು ಮತ್ತೆ ಕೂಡಿಸಿ ಎರಡನೆಯ ಸಲಕ್ಕೆ ನಿಲ್ಲಿಸುವಷ್ಟರಲ್ಲಿ ಬಿಸಿಲು ಏರಿತ್ತು. ಈ ಸಲ ಮುತ್ಯಾ ಕೈಯೂರಲಿಲ್ಲ. ಸಿಡಿದ ತಕ್ಷಣ ಮೊಳಕಾಲು ಕುಸಿದು, ಒಂದು ಮಗ್ಗುಲಿಗೆ ವಾಲಿ, ಮುಖ ಕೆಳಗಾಗಿ ಬಿದ್ದ. ಕೋಲು ಉರುಳಿ ನೀರಿಗೆ ಹೋಯಿತು. ಎಷ್ಟು ಸರಿಯಾಗಿ ಬಂದಿತ್ತೆಂದರೆ ನಿರ್ದೇಶಕ ಕಟ್ ಹೇಳಲಿಲ್ಲ. ಕ್ಯಾಮೆರಾ ಓಡುತ್ತಲೇ ಇತ್ತು. ಆಯಿ “ಏನ್ರೀ” ಎಂದಳು. ಉತ್ತರ ಬರಲಿಲ್ಲ. ಮತ್ತೊಮ್ಮೆ ಕರೆದಳು. ಕಟ್ ಆಗಿಲ್ಲ, ತಡೀರಿ ಎಂದು ನಾನು ಅವಳ ಮೊಳಕೈ ಹಿಡಿದೆ. ಕೊಸರಿಕೊಂಡು ಓಡಿದಳು.

ಓಡಿ ಹೋಗಿ ಅವನನ್ನು ಹೊರಳಿಸಿ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡಳು. ಎದೆಯ ಕೆಂಪು ಅವಳ ಅಂಗೈಗೆ ಅಂಟಿತು. ಅಂಗೈ ನೋಡಿಕೊಂಡು ಅಳತೊಡಗಿದಳು. ನಮ್ಮ ಕಡೆಯ ಹೆಂಗಸರು ಸತ್ತವರ ಮುಂದೆ ಕೂತು ಮಾತಾಡಿ ಮಾತಾಡಿ ಅಳುತ್ತಾರಲ್ಲ, ಆ ಅಳು. ಯಾವ ವರ್ಷವೋ ಮಳೆಯಲ್ಲಿ ಇಬ್ಬರೂ ಒಂದೇ ಕಂಬಳಿ ಹೊದ್ದು ದಡ್ಡಿ ಕಾದದ್ದನ್ನು ಹೇಳಿದಳು. ತೀರಿಹೋದ ಒಬ್ಬ ಮಗಳನ್ನು ಹೇಳಿದಳು. ಆ ಮಗಳ ವಿಷಯ ಅಲ್ಲಿಯವರೆಗೆ ನಮಗೆ ಯಾರಿಗೂ ಗೊತ್ತಿರಲಿಲ್ಲ. ಪಾತ್ರದ ಪ್ರಕಾರ ಓಡಿ ಬರಬೇಕಿದ್ದ ಹೀರೋ ಬಂದ, ಅವಳನ್ನು ಕಂಡು ನಿಂತ, ಟೋಪಿ ತೆಗೆದು ಮೊಳಕಾಲೂರಿದ. ಅವನಿಗೂ ಏನು ಮಾಡಬೇಕೋ ತಿಳಿದಿರಲಿಲ್ಲ.

ಆಗ ಮುತ್ಯಾ ಕಣ್ಣು ತೆರೆದ. “ಏ, ಏನ ಇದು? ನಾ ಅದೀನಿ” ಎಂದ.

ಆಯಿ ಅಳು ನಿಲ್ಲಿಸಿ ಅವನ ಮುಖವನ್ನೇ ನೋಡಿದಳು. ಕರೆದದ್ದು ಕೇಳಿಸಲಿಲ್ಲವೇ ಎಂದು ಕೇಳಿದಳು. ಕೇಳಿಸಿತ್ತು ಎಂದ ಅವನು. ಅಲುಗಿದರೆ ಮತ್ತೆ ಸಿಡಿಸುತ್ತಾರೆ, ಗಬ್ಬದ ಕುರಿ ಎರಡಿವೆ, ಇನ್ನೊಮ್ಮೆ ಬೆದರಿ ಓಡಿದರೆ ದಿನ ತುಂಬುವ ಮೊದಲೇ ಮರಿ ಹಾಕಿಬಿಡುತ್ತವೆ ಎಂದು ಸುಮ್ಮನಿದ್ದನಂತೆ.

“ಕುರಿ ಸಲುವಾಗಿ ನನ್ನ ಅಳಸಿದ್ರಿ?” ಎಂದು ಆಯಿ ಅವನ ಎದೆಗೆ ಒಂದು ಗುದ್ದಿದಳು. ಚೀಲದಲ್ಲಿ ಉಳಿದಿದ್ದ ಕೆಂಪು ನೀರು ಚಿಮ್ಮಿತು. ಕೆಲವರು ನಕ್ಕರು. ಆಮೇಲೆ ನಗು ತಾನಾಗಿ ನಿಂತಿತು.

ನಿರ್ದೇಶಕ ಆಗ ಕಟ್ ಎಂದ.

ಅವನು ಡೇರೆಯೊಳಗೆ ಮಾನಿಟರಿನ ಮುಂದೆ ಕೂತು ಆ ಟೇಕನ್ನು ಮತ್ತೆ ನೋಡಿದ. ಸಹಾಯಕಿಯೊಬ್ಬಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಇಂಥದ್ದೊಂದು ಸಿಕ್ಕಿರಲಿಲ್ಲ, ಬೇಕೆಂದರೂ ಸಿಗುವುದಿಲ್ಲ ಎಂದ ನಿರ್ದೇಶಕ. ಮುತ್ಯಾ ಕಣ್ಣು ತೆರೆಯುವ ಮೊದಲೇ ಕತ್ತರಿಸಿದರೆ ಸಿನಿಮಾದ ನಡುವಿನ ಕಂಬವೇ ಆಗುತ್ತದೆ. ಆದರೆ ಆಯಿಯನ್ನು ಕೇಳದೆ ಹಾಕಲಾರೆ, ನೀವು ಕೇಳಬೇಕು ಎಂದ. ಒಪ್ಪಿಸುವ ಕೆಲಸ ನನ್ನಿಂದಾಗದು, ನೀವು ಹೇಳಿದ್ದನ್ನು ಅವಳಿಗೆ ಹೇಳುತ್ತೇನೆ, ಅವಳು ಹೇಳಿದ್ದನ್ನು ನಿಮಗೆ ಹೇಳುತ್ತೇನೆ, ಅಷ್ಟೇ ಎಂದೆ. ಅಷ್ಟೇ ಸಾಕು ಎಂದ.

ಆಯಿ ಕೈ ತೊಳೆದುಕೊಂಡು ಬಂದಿದ್ದಳು. ಮೊದಲು ತನಗೆ ತೋರಿಸಿ ಎಂದಳು. ಕುರ್ಚಿ ಕೊಟ್ಟರೂ ಕೂರದೆ ನಿಂತೇ ನೋಡಿದಳು. ತನ್ನ ಮುಖವನ್ನು ಅಷ್ಟು ದೊಡ್ಡದಾಗಿ ಅವಳು ಎಂದೂ ನೋಡಿರಲಿಕ್ಕಿಲ್ಲ. ಮಗಳ ಮಾತು ಬಂದಾಗ ಸೆರಗು ಎಳೆದುಕೊಂಡಳು. ಮುಗಿದ ಮೇಲೆ, ಇದನ್ನು ಯಾರ್ಯಾರು ನೋಡುತ್ತಾರೆ ಎಂದು ಕೇಳಿದಳು. ದೇಶವೆಲ್ಲ ನೋಡುತ್ತದೆ, ಹೊರದೇಶದವರೂ ನೋಡುತ್ತಾರೆ ಎಂದ ನಿರ್ದೇಶಕ. ನೋಡಿದವರೆಲ್ಲ ನಿಮ್ಮೊಂದಿಗೆ ಅಳುತ್ತಾರೆ ಎಂದೂ ಹೇಳಿದ. ನಾನು ಅದನ್ನೂ ಹೇಳಿದೆ.

ಆಯಿ ನನ್ನ ಕಡೆ ತಿರುಗಿ, ಅವನಿಗೆ ಹೀಗೇ ಹೇಳ್ರಿ ಎಂದಳು.

“ಅವ್ರು ಬಿದ್ದಿದ್ದು ಸುಳ್ಳ. ನಾ ಅತ್ತಿದ್ದು ಖರೆ. ಮಂದಿ ಎರಡೂ ಸುಳ್ಳಂತನ ನೋಡ್ತಾರ. ನನ್ನ ಮಗಳ ಸುದ್ದಿ ಐತಿ ಅದರಾಗ. ಅದನ್ನ ಹಾಕಬ್ಯಾಡ್ರಿ. ಅಳಿಸಿಬಿಡ್ರಿ, ನನ್ನ ಮುಂದನ ಅಳಿಸ್ರಿ.”

ನಾನು ಹಿಂದಿಯಲ್ಲಿ ಹೇಳಿದೆ. ಆವತ್ತು ನನ್ನ ಪುಸ್ತಕದ ಹಿಂದಿಯ ಬಗ್ಗೆ ಯಾರೂ ನಗಲಿಲ್ಲ. ನಿರ್ದೇಶಕ ಎದ್ದು ಹೊರಗೆ ಹೋದ. ಡೇರೆಯ ಬಾಗಿಲಿನಿಂದ ಕಾಣಿಸುತ್ತಿದ್ದ. ನೀರಿನ ಅಂಚಿಗೆ ಹೋಗಿ ನಿಂತು, ಒಂದಿಷ್ಟು ದೂರ ನಡೆದು, ಮತ್ತೆ ಬಂದು ನಿಂತ. ಮಗಳ ಮಾತನ್ನು ಮಾತ್ರ ತೆಗೆದು ಉಳಿದದ್ದನ್ನು ಇಟ್ಟುಕೊಳ್ಳಬಹುದಲ್ಲ ಎಂದು ಸಹಾಯಕಿ ನನ್ನ ಕಿವಿಯಲ್ಲಿ ಕೇಳಿದಳು. ಅದನ್ನೂ ಆಯಿಗೆ ಹೇಳಿದೆ. ಆಯಿ ತಲೆಯಲ್ಲಾಡಿಸಿದಳು.

ನಿರ್ದೇಶಕ ಒಳಗೆ ಬಂದು ಕ್ಯಾಮೆರಾದ ಕಾರ್ಡುಗಳನ್ನು ನೋಡಿಕೊಳ್ಳುವವನಿಗೆ ಆ ಟೇಕ್ ತೆಗೆದುಹಾಕು ಎಂದ. ಅವನು ನಂಬದೆ ಎರಡು ಸಲ ಕೇಳಿದ. ಆಮೇಲೆ ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದ, ಕ್ಯಾಮೆರಾದಲ್ಲೂ ಒತ್ತಿದ. ಪರದೆಯ ಮೇಲಿನ ಆ ಚಿಕ್ಕ ಚಿತ್ರ ಮಾಯವಾಯಿತು. ಇನ್ನೊಂದು ಟೇಕಿಗೆ ಮುತ್ಯಾ ಒಪ್ಪಲಿಲ್ಲ. ಕುರಿಗಳು ಇನ್ನು ಆ ಜಾಗದಲ್ಲಿ ನಿಲ್ಲುವುದಿಲ್ಲ ಎಂದ. ಹೀಗೆ ಅವರಿಗೆ ಉಳಿದದ್ದು ಮೊದಲನೆಯ ಟೇಕು, ಮುತ್ಯಾ ಕೈಯೂರಿ ಬಿದ್ದದ್ದು.

ಹೊರಡುವಾಗ ಆಯಿ ನನ್ನನ್ನು ಬದಿಗೆ ಕರೆದಳು. “ಖರೇನ ಅಳಿಸ್ಯಾರೇನ್ರಿ, ಅಕ್ಕೋರ?”

ನೀವು ನೋಡಿದ್ದನ್ನೇ ನಾನೂ ನೋಡಿದ್ದೇನೆ, ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ ಎಂದೆ. ಅವಳು ಆತು ಎಂದು ಹೋದಳು.

ಸಿನಿಮಾ ಮುಂದಿನ ವರ್ಷ ಬಿಡುಗಡೆಯಾಯಿತು. ಜಮಖಂಡಿಯ ಟಾಕೀಸಿಗೆ ಬಂದಾಗ ನಾನು ಅವರಿಬ್ಬರಿಗೂ ಹೇಳಿ ಕಳಿಸಿದೆ. ಬರುವುದಿಲ್ಲ ಎಂದುಕೊಂಡಿದ್ದೆ. ತಮ್ಮೂರ ಹತ್ತಿರದ ಬೀಳಗಿಯ ಕಡೆಯಿಂದ ಬಸ್ಸಿನಲ್ಲಿ ಇಬ್ಬರೂ ಬಂದರು. ಮುತ್ಯಾ ಹೊಸ ರುಮಾಲು ಸುತ್ತಿಕೊಂಡಿದ್ದ. ನನ್ನ ಯಜಮಾನರೂ ಆವತ್ತು ಮಗ್ಗ ನಿಲ್ಲಿಸಿ ಬಂದಿದ್ದರು. ಆಯಿಯನ್ನು ನನ್ನ ಪಕ್ಕದಲ್ಲಿ ಕೂರಿಸಿಕೊಂಡೆ.

ಬನಹಟ್ಟಿಯ ಶೆಡ್ಡು ಬಂದಾಗ ಟಾಕೀಸು ಸಿಳ್ಳೆ ಹೊಡೆಯಿತು. ಬ್ಯಾರೇಜಿನ ಮೇಲೆ ಜೀಪು ಓಡಿದಾಗ ಚಿಕ್ಕಪಡಸಲಗಿ ಚಿಕ್ಕಪಡಸಲಗಿ ಎಂದು ಕೂಗಿದರು. ಮುತ್ಯಾ ತೆರೆಯ ಮೇಲೆ ಬಂದಾಗ ಅವನು ತನ್ನನ್ನೇ ಗುರುತಿಸದವನಂತೆ ಮುಂದಕ್ಕೆ ಬಾಗಿ ನೋಡಿದ. ಹೊಳೆದಂಡೆ ಬಂದಿತು. ಆಯಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ಗುಂಡಿನ ಸದ್ದಾಯಿತು. ಮುತ್ಯಾ ಕೈಯೂರಿ ಬಿದ್ದ. ಕುರಿಗಳು ಚದುರಿ ಓಡಿದವು. ಹೀರೋ ದೂರದಿಂದ ಓಡಿ ಬಂದು ನಿಂತ, ಹೊಳೆ ನೋಡಿದ. ಅಷ್ಟೇ. ಮುಂದಿನ ದೃಶ್ಯ ಮುಧೋಳದ ಠಾಣೆಯದು. ಆಯಿಯ ಮುಖವಿಲ್ಲ, ದನಿಯಿಲ್ಲ, ಎಲ್ಲಿಯೂ ಇಲ್ಲ.

ಅವಳು ಕೈ ಬಿಟ್ಟಳು. “ಮಾತಿಗೆ ನಿಂತ” ಎಂದು ಮೆಲ್ಲಗೆ ಅಂದು ಆರಾಮಾಗಿ ಕೂತಳು. ಉಳಿದ ಸಿನಿಮಾವನ್ನು ಕಾಲು ಮೇಲೆತ್ತಿ ಮಡಚಿಕೊಂಡು ಪೂರ್ತಿ ನೋಡಿದಳು. ಮಧ್ಯಂತರದಲ್ಲಿ ಹುಡುಗರು ಮುತ್ಯಾನ ಜೊತೆ ಸೆಲ್ಫಿ ತೆಗೆಸಿಕೊಂಡರು. ಅವನಿಗೆ ತನ್ನ ಪಾತ್ರ ಬಹಳ ಸಣ್ಣದಾಯಿತು ಎಂಬ ಬೇಜಾರು ಇತ್ತು.

ಕೆಲವು ವಾರಗಳ ನಂತರ ನಿರ್ದೇಶಕ ಫೋನ್ ಮಾಡಿದ. ಆಯಿ ನೋಡಿದಳೇ, ಏನಂದಳು ಎಂದು ಕೇಳಿದ. ಅವಳು ಅಂದ ಮಾತನ್ನು ಕನ್ನಡದಲ್ಲೇ ಹೇಳಿ ಅರ್ಥ ಬಿಡಿಸಿದೆ. ಹೊಡೆದಾಟಗಳನ್ನು ಎಲ್ಲರೂ ಹೊಗಳಿದ್ದಾರೆ, ಮುದುಕನ ಸಾವು ಮಾತ್ರ ಮನಸ್ಸಿಗೆ ತಟ್ಟುವುದಿಲ್ಲ, ಅದರಿಂದ ಮುಂದಿನ ಸೇಡಿಗೆ ಬಲವಿಲ್ಲ ಎಂದು ಪತ್ರಿಕೆಗಳವರು ಬರೆದಿದ್ದಾರೆ ಎಂದ. ದೂರುವ ದನಿಯಿರಲಿಲ್ಲ. ಆ ಟೇಕ್ ಈಗಲೂ ನೆನಪಾಗುತ್ತದೆ, ಆದರೆ ನೆನಪಿನಲ್ಲಿ ಮಾತ್ರ ಇದೆ ಎಂದ. ಇದನ್ನು ಆಯಿಗೆ ಹೇಳಬೇಡಿ ಎಂದೇನೂ ಅನ್ನಲಿಲ್ಲ.

ಹಾಗಾಗಿ ಬೀಳಗಿಯ ಸಂತೆಯಲ್ಲಿ ಆಯಿ ಸಿಕ್ಕಾಗ ಹೇಳಿದೆ. ಅವಳು ಬದನೆಕಾಯಿ ಆರಿಸುತ್ತ ಕೇಳಿಸಿಕೊಂಡಳು. ಕೈ ನಿಲ್ಲಿಸಿ, ಅವನಿಗೆ ಬಹಳ ಲುಕ್ಸಾನವಾಯಿತೇನು ಎಂದಳು. ಹಾಗೇನಿಲ್ಲ, ಸಿನಿಮಾ ಓಡಿತು, ಇನ್ನೊಂದನ್ನು ಶುರು ಮಾಡಿದ್ದಾನಂತೆ ಎಂದೆ. ಒಳ್ಳೆಯದಾಯಿತು ಎಂದು ಬದನೆಕಾಯಿಗಳನ್ನು ಚೀಲಕ್ಕೆ ಹಾಕಿಕೊಂಡಳು.

“ಮದಿವಿ ಆಗೇತೇನ್ರಿ ಆ ಹುಡುಗಂದು?”

ಗೊತ್ತಿಲ್ಲ ಎಂದೆ.

“ಕೇಳ್ರಲ್ಲ, ಮತ್ತ ಫೋನ ಮಾಡಿದಾಗ” ಎಂದಳು.